ವಿಚ್ಛೇದನದ ಡಿಕ್ರಿ ಕೈಯಲ್ಲಿಲ್ಲ, ಈಗ ಎಲ್ಲಿ ಹುಡುಕಲಿ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಒಂದೇ ವಿಷಯ, ಫ್ಯಾಮಿಲಿ ಕೋರ್ಟಿನ ಕಾಗದ. ಕೇಸು ನಡೆಯುವಾಗ ಯಾರಿಗೂ ಕಾಗದದ ಮೇಲೆ ಗಮನ ಇರುವುದಿಲ್ಲ. ಅದು ಸಹಜ, ಆಗ ಮನಸ್ಸೇ ನೆಟ್ಟಗಿರುವುದಿಲ್ಲ. ಎಷ್ಟೋ ವರ್ಷದ ಮೇಲೆ ಪಾಸ್‌ಪೋರ್ಟ್ ಕಚೇರಿಯವರೋ, ಮಗುವಿನ ಶಾಲೆಯವರೋ, ಹೊಸ ಸಂಬಂಧದವರೋ ಕೇಳಿದಾಗ ಹುಡುಕಾಟ ಶುರುವಾಗುತ್ತದೆ. ಅದಕ್ಕೇ ಈ ವಾರ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇವನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: 2009ರಲ್ಲಿ ಮೈಸೂರಿನಲ್ಲಿ ಪರಸ್ಪರ ಒಪ್ಪಿಗೆಯಿಂದ ನಮಗೆ ವಿಚ್ಛೇದನ ಆಯಿತು. ಎಲ್ಲವನ್ನೂ ವಕೀಲರೇ ನೋಡಿಕೊಂಡರು. ಅವರು ಈಗ ಇಲ್ಲ. ನನ್ನ ಹತ್ತಿರ ಒಂದು ಹಾಳೆಯೂ ಇಲ್ಲ, ಕೇಸ್ ನಂಬರೂ ಗೊತ್ತಿಲ್ಲ. ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು ತೆಗೆಸಬೇಕಾದರೆ ಡಿಕ್ರಿ ಬೇಕಂತೆ. ಮಾಜಿ ಗಂಡನನ್ನು ಕೇಳುವುದು ನನಗಿಷ್ಟವಿಲ್ಲ. ಅವರನ್ನು ಕೇಳದೆ ಸಿಗುವುದೇ ಇಲ್ಲವೇ?
— ಹೆಸರು ಬೇಡ, ಮೈಸೂರು

ಸಿಗುತ್ತದೆ ಅಮ್ಮ. ಅವರನ್ನು ಕೇಳುವ ಅಗತ್ಯವೇ ಇಲ್ಲ. ಆ ಕೇಸಿನಲ್ಲಿ ನೀವೂ ಒಬ್ಬ ಪಾರ್ಟಿ, ಅಂದ ಮೇಲೆ ನಕಲು ಕೇಳುವ ಹಕ್ಕು ಅವರಿಗೆಷ್ಟಿದೆಯೋ ನಿಮಗೂ ಅಷ್ಟೇ ಇದೆ. ನಿಮ್ಮ ವಕೀಲರ ಹತ್ತಿರ ಇದ್ದದ್ದೂ ನಕಲೇ. ಜಡ್ಜ್ ಸಹಿ ಮಾಡಿದ ಮೂಲ ತೀರ್ಪು ಯಾವತ್ತೂ ಕೋರ್ಟಿನ ಕಡತದಲ್ಲೇ ಇರುತ್ತದೆ.

ಮೊದಲು ಬೇಕಾದದ್ದು ನಂಬರು. ಅದೊಂದು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಹಿಂದೂ ವಿವಾಹದ ವಿಚ್ಛೇದನದ ಕೇಸುಗಳಿಗೆ ನಮ್ಮ ಕೋರ್ಟುಗಳಲ್ಲಿ 'ಎಂ.ಸಿ.' ಅಂತ ನಂಬರು ಕೊಡುತ್ತಾರೆ, ಮುಂದೆ ಒಂದು ಸಂಖ್ಯೆ, ಆಮೇಲೆ ವರ್ಷ. ಇಲ್ಲಿ ಎಷ್ಟೋ ಜನ ಎಡವುತ್ತಾರೆ, ಯಾಕೆಂದರೆ ಆ ವರ್ಷ ಅರ್ಜಿ ಹಾಕಿದ ವರ್ಷ, ತೀರ್ಪು ಬಂದ ವರ್ಷ ಅಲ್ಲ. ಪರಸ್ಪರ ಒಪ್ಪಿಗೆಯ ಅರ್ಜಿ ಹಾಕಿದ ಮೇಲೆ ಕನಿಷ್ಠ 6 ತಿಂಗಳು ಕಾಯಬೇಕು ಅಂತ ಕಾಯ್ದೆಯಲ್ಲೇ ಇದೆ. ಆ ಕಾಯುವಿಕೆಯನ್ನು ಕೋರ್ಟು ಮನ್ನಾ ಮಾಡಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2017ರಲ್ಲಿ, ನಿಮ್ಮ ಕೇಸು ಅದಕ್ಕಿಂತ ಹಿಂದಿನದು. ಆದ್ದರಿಂದ ನಿಮ್ಮ ನಂಬರಿನ ಕೊನೆಯಲ್ಲಿ 2009ರ ಬದಲು 2008 ಇರುವ ಸಾಧ್ಯತೆ ಚೆನ್ನಾಗಿಯೇ ಇದೆ. ಎರಡೂ ವರ್ಷ ಹುಡುಕಿ.

ಮನೆಯಲ್ಲಿ ಕೂತು ಮಾಡಬಹುದಾದ ಕೆಲಸ ಒಂದಿದೆ. ಇ-ಕೋರ್ಟ್ಸ್ ಜಾಲತಾಣ ಅಥವಾ ಆ್ಯಪ್ ತೆಗೆದು ರಾಜ್ಯ, ಜಿಲ್ಲೆ, ಕೋರ್ಟ್ ಸಂಕೀರ್ಣ ಆರಿಸಿ, ಪಾರ್ಟಿ ಹೆಸರು ಮತ್ತು ವರ್ಷ ಹಾಕಿ ನೋಡಿ. ಹೆಸರಿನ ಮೊದಲ ಮೂರು ಅಕ್ಷರ ಸಾಕು. ಮುಗಿದ ಕೇಸುಗಳನ್ನೂ ತೋರಿಸು ಅನ್ನುವ ಆಯ್ಕೆ ಒತ್ತುವುದನ್ನು ಮರೆಯಬೇಡಿ, ಬರೀ ಬಾಕಿ ಇರುವ ಕೇಸುಗಳಲ್ಲಿ ಹುಡುಕಿದರೆ ನಿಮ್ಮದು ಬರುವುದೇ ಇಲ್ಲ. ಇನ್ನು ಹೆಸರನ್ನು ಇಂಗ್ಲಿಷಿನಲ್ಲಿ ಹೇಗೆ ಟೈಪ್ ಮಾಡಿದ್ದಾರೋ ಹೇಳಲಾಗದು. ಲಕ್ಷ್ಮಿ ಅನ್ನುವ ಹೆಸರನ್ನು ಒಬ್ಬರು 'ಎಕ್ಸ್' ಹಾಕಿ ಬರೆದಿರುತ್ತಾರೆ, ಇನ್ನೊಬ್ಬರು 'ಕೆ ಎಸ್ ಎಚ್' ಹಾಕಿರುತ್ತಾರೆ. ಇನಿಷಿಯಲ್ ಮೊದಲು ಬಂದಿರಬಹುದು, ಮದುವೆ ನಂತರದ ಹೆಸರಿನಲ್ಲಿ ಕೇಸು ಇರಬಹುದು. ನಿಮ್ಮ ಹೆಸರಲ್ಲಿ ಸಿಗದಿದ್ದರೆ ಅವರ ಹೆಸರಲ್ಲಿ ಹುಡುಕಿ. ಸಿಕ್ಕಿದಾಗ ಕಾಣುವ 16 ಅಕ್ಷರ–ಅಂಕಿಗಳ ಸಿ.ಎನ್.ಆರ್. ನಂಬರನ್ನೂ (ಪ್ರತಿ ಕೇಸಿಗೂ ಇರುವ ಗುರುತಿನ ನಂಬರು) ಬರೆದಿಟ್ಟುಕೊಳ್ಳಿ. ನಮ್ಮ ರಾಜ್ಯದ್ದು 'ಕೆ ಎ' ಅಂತ ಶುರುವಾಗುತ್ತದೆ, ಕೊನೆಯ ನಾಲ್ಕು ಅಂಕಿ ವರ್ಷ.

ಅಲ್ಲಿ ಸಿಗಲಿಲ್ಲ ಅಂದರೆ ದಾಖಲೆಯೇ ಇಲ್ಲ ಅಂತ ಅಲ್ಲ. ಹಳೆ ಕೇಸುಗಳೆಲ್ಲ ಕಂಪ್ಯೂಟರಿಗೆ ಏರಿಲ್ಲ, ಕೌಟುಂಬಿಕ ಕೇಸುಗಳಲ್ಲಿ ವಿವರವನ್ನು ಬೇಕೆಂದೇ ಎಲ್ಲರಿಗೂ ತೋರಿಸದೆ ಇರುವುದೂ ಉಂಟು. ಆಗ ನೇರವಾಗಿ ಕೋರ್ಟಿನ ಕಚೇರಿಗೆ ಹೋಗಿ. ಶಿರಸ್ತೇದಾರರನ್ನು ಕಂಡು, ಇಬ್ಬರ ಹೆಸರು, ಅಂದಾಜು ವರ್ಷ, ವಕೀಲರ ಹೆಸರು ಒಂದು ಚೀಟಿಯಲ್ಲಿ ಬರೆದುಕೊಡಿ. ಎಂ.ಸಿ. ಕೇಸುಗಳ ರಿಜಿಸ್ಟರ್ ನೋಡಿ ನಂಬರು ಹೇಳುತ್ತಾರೆ. ಆಧಾರ್ ಅಥವಾ ಬೇರೆ ಗುರುತಿನ ಚೀಟಿ ಜೊತೆಗಿರಲಿ. ವಕೀಲರು ತೀರಿಕೊಂಡಿದ್ದರೂ ಅವರ ಜೂನಿಯರ್‌ಗಳೋ ಗುಮಾಸ್ತರೋ ಇದ್ದೇ ಇರುತ್ತಾರೆ, ಅವರ ಹಳೆ ಡೈರಿಯಲ್ಲೂ ನಂಬರು ಇರಬಹುದು, ಒಂದು ಮಾತು ಕೇಳಿ ನೋಡಿ.

ಈ ಉತ್ತರ ಓದುತ್ತಿರುವ ಬೇರೆ ಊರಿನವರಿಗೂ ಒಂದು ಮಾತು. ಕೇಸು ನಡೆದದ್ದು ಫ್ಯಾಮಿಲಿ ಕೋರ್ಟಿನಲ್ಲೇನಾ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಫ್ಯಾಮಿಲಿ ಕೋರ್ಟ್ ಕಾಯ್ದೆ ಬಂದಿದ್ದು 1984ರಲ್ಲಿ, ಆದರೆ ಕೋರ್ಟುಗಳು ಎಲ್ಲ ಊರಿಗೂ ಒಟ್ಟಿಗೆ ಬರಲಿಲ್ಲ. ಫ್ಯಾಮಿಲಿ ಕೋರ್ಟ್ ಇಲ್ಲದ ಕಡೆ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟಿನಲ್ಲಿ ಇದೇ ಕೇಸುಗಳು ನಡೆದಿರುತ್ತವೆ, ಹುಡುಕಬೇಕಾದದ್ದು ಅಲ್ಲಿ. ಬೆಂಗಳೂರಿನವರಾದರೆ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲ ಕಟ್ಟಡ.

ನಂಬರು ಸಿಕ್ಕ ಮೇಲೆ ನಕಲು ವಿಭಾಗಕ್ಕೆ ಹೋಗಿ. ಸರ್ಟಿಫೈಡ್ ಕಾಪಿ, ಅಂದರೆ ಕೋರ್ಟಿನ ಮೊಹರಿರುವ ದೃಢೀಕೃತ ನಕಲು ಬೇಕು ಅಂತ ಅರ್ಜಿ ಬರೆದು ಕೋರ್ಟ್ ಫೀ ಸ್ಟಾಂಪ್ ಹಚ್ಚಿ ಕೊಡಬೇಕು. ಅರ್ಜಿಯಲ್ಲಿ ಏನು ಬೇಕು ಅನ್ನುವುದನ್ನು ಬಿಡಿಸಿ ಬರೆಯಿರಿ. 'ತೀರ್ಪು ಮತ್ತು ಡಿಕ್ರಿ' ಅಂತ ಎರಡನ್ನೂ ಬರೆಯಿರಿ, ಎರಡೂ ಬೇರೆ ಬೇರೆ ಕಾಗದ. ತೀರ್ಪಿನಲ್ಲಿ ಕಾರಣಗಳಿರುತ್ತವೆ, ಡಿಕ್ರಿಯಲ್ಲಿ ಕೊನೆಯ ನಿರ್ಧಾರ ಇರುತ್ತದೆ. ಒಂದನ್ನೇ ತಂದು ಕಚೇರಿಯಲ್ಲಿ ಇನ್ನೊಂದು ಕೇಳಿಸಿಕೊಂಡು ಮತ್ತೆ ಓಡಾಡುವವರು ಬಹಳ. ನಿಮ್ಮದು ಒಪ್ಪಿಗೆಯ ವಿಚ್ಛೇದನ, ಆದ್ದರಿಂದ ಜಂಟಿ ಅರ್ಜಿಯ ನಕಲನ್ನೂ ಕೇಳಿ. ಮಕ್ಕಳು ಯಾರ ಹತ್ತಿರ, ಜೀವನಾಂಶ ಎಷ್ಟು, ಒಡವೆ ಯಾರಿಗೆ ಅನ್ನುವ ಷರತ್ತೆಲ್ಲ ಕೆಲವು ಸಲ ಅದರಲ್ಲೇ ಇರುತ್ತದೆ, ಡಿಕ್ರಿಯಲ್ಲಿ ಒಂದೇ ಸಾಲು ಇರುತ್ತದೆ. ಎರಡು ಪ್ರತಿ ತೆಗೆದುಕೊಳ್ಳಿ.

ಮುಗಿದ ಕಡತ ರೆಕಾರ್ಡ್ ರೂಮಿಗೆ ಹೋಗಿರುತ್ತದೆ. ಅಲ್ಲಿಂದ ತರಿಸಬೇಕು, ಹಾಗಾಗಿ ಸ್ವಲ್ಪ ದಿನ ಹಿಡಿಯುತ್ತದೆ. ಎಷ್ಟು ಪುಟ ಆಗುತ್ತದೆ ಅಂತ ನೋಡಿ ಶುಲ್ಕ ಹೇಳುತ್ತಾರೆ, ಕಟ್ಟಿ ರಸೀದಿ ತೆಗೆದುಕೊಳ್ಳಿ. ಅದು ಪುಟದ ಲೆಕ್ಕದ ಸರ್ಕಾರಿ ಶುಲ್ಕ, ದೊಡ್ಡ ಮೊತ್ತವೇನಲ್ಲ. ಸಾವಿರಗಟ್ಟಲೆ ಕೊಟ್ಟರೆ ನಾಳೆಯೇ ತಂದುಕೊಡುತ್ತೇನೆ ಅಂತ ಗೇಟಿನ ಹತ್ತಿರ ಯಾರಾದರೂ ಹೇಳಿದರೆ ಕೊಡಬೇಡಿ. ನಿಮ್ಮ ಬದುಕಿನ ಅತ್ಯಂತ ಖಾಸಗಿ ಕಾಗದವನ್ನು ಗೊತ್ತಿಲ್ಲದವನ ಕೈಗೆ ಯಾಕೆ ಕೊಡಬೇಕು?

ಇನ್ನೊಂದು ವಿಷಯ ಎಲ್ಲರಿಗೂ ಗೊತ್ತಿರಲಿ. ಹಿಂದೂ ವಿವಾಹ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ವಿಚ್ಛೇದನ ಕೊಟ್ಟ ಕೋರ್ಟು ಡಿಕ್ರಿಯ ಒಂದು ಪ್ರತಿಯನ್ನು ಇಬ್ಬರಿಗೂ ಉಚಿತವಾಗಿ ಕೊಡಬೇಕು. ಈಗಷ್ಟೇ ಕೇಸು ಮುಗಿದವರು ಅದನ್ನು ಕೇಳಿ ಪಡೆದುಕೊಳ್ಳಿ. ವಕೀಲರ ಫೈಲಿನಲ್ಲಿ ಬಿಟ್ಟು ಬರಬೇಡಿ, ದಯವಿಟ್ಟು.

ಮದುವೆ ಫೋಟೋ, ಲಗ್ನಪತ್ರಿಕೆ, ಒಡವೆ ರಸೀದಿ ಇಂಥ ಮೂಲ ದಾಖಲೆಗಳನ್ನು ಕೋರ್ಟಿಗೆ ಕೊಟ್ಟಿದ್ದರೆ, ಕೇಸು ಮುಗಿದು ಮೇಲ್ಮನವಿಯ ಅವಧಿಯೂ ಕಳೆದ ಮೇಲೆ ಅರ್ಜಿ ಹಾಕಿ ವಾಪಸ್ ಕೇಳಬಹುದು. ಇದನ್ನು ಮುಂದೂಡಬೇಡಿ. ಕಡತದ ಕೆಲವು ಭಾಗಗಳನ್ನು ನಿಗದಿತ ವರ್ಷಗಳ ನಂತರ ನಾಶ ಮಾಡುವ ನಿಯಮ ಕೋರ್ಟುಗಳಲ್ಲಿ ಇದೆ.

ಪ್ರಶ್ನೆ: ನನಗೂ ಮಗಳಿಗೂ ಜೀವನಾಂಶ ಕೊಡಬೇಕು ಅಂತ ಕೋರ್ಟು ಆದೇಶ ಮಾಡಿದೆ. ಗಂಡ ಕೆಲವು ತಿಂಗಳು ಕೊಟ್ಟು ನಿಲ್ಲಿಸಿದ್ದಾರೆ. ನನ್ನ ಹತ್ತಿರ ಇರುವುದು ಆದೇಶದ ಜೆರಾಕ್ಸ್ ಮಾತ್ರ. ನಕಲಿಗೆ ಕಟ್ಟಲು, ವಕೀಲರಿಗೆ ಕೊಡಲು ಈಗ ನನ್ನ ಕೈಯಲ್ಲಿ ಹಣವಿಲ್ಲ.
— ಒಬ್ಬ ತಾಯಿ, ಹಾಸನ ಜಿಲ್ಲೆ

ತಂಗಿ, ಈ ನಕಲಿಗೆ ನೀವು ಹಣ ಕಟ್ಟಬೇಕಾಗಿಲ್ಲ. ಜೀವನಾಂಶ ಯಾರಿಗೆ ಸಿಗಬೇಕೋ ಅವರಿಗೆ ಆದೇಶದ ಪ್ರತಿಯನ್ನು ಶುಲ್ಕವಿಲ್ಲದೆ ಕೊಡಬೇಕು ಅಂತ ಹಳೆಯ ಸಿ.ಆರ್.ಪಿ.ಸಿ.ಯಲ್ಲೂ (ದಂಡ ಪ್ರಕ್ರಿಯಾ ಸಂಹಿತೆ) ಇತ್ತು, 2024ರ ಜುಲೈ 1ರಿಂದ ಅದರ ಬದಲು ಜಾರಿಗೆ ಬಂದ ಬಿ.ಎನ್.ಎಸ್.ಎಸ್.ನಲ್ಲೂ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಇದೆ. ಜೀವನಾಂಶ ಕೇಳುವ ಸೆಕ್ಷನ್ ಹಿಂದೆ 125 ಇತ್ತು, ಈಗ 144. ಅರ್ಜಿಯಲ್ಲಿ ನೀವೇ ಅರ್ಜಿದಾರರು, ಉಚಿತ ಪ್ರತಿ ಬೇಕು ಅಂತ ಸ್ಪಷ್ಟವಾಗಿ ಬರೆಯಿರಿ. ಕೌಂಟರಿನಲ್ಲಿ ಇಲ್ಲ ಅಂದರೆ ಸುಮ್ನೆ ವಾಪಸ್ ಬರಬೇಡಿ, ಶಿರಸ್ತೇದಾರರಿಗೆ ಅರ್ಜಿ ತೋರಿಸಿ.

ಇದಕ್ಕಿಂತ ಮುಖ್ಯವಾದದ್ದು ಸಮಯ. ಬಾಕಿ ವಸೂಲಿಗೆ ವಾರಂಟ್ ಬೇಕಾದರೆ, ಆ ಹಣ ಬರಬೇಕಾದ ದಿನದಿಂದ 1 ವರ್ಷದೊಳಗೆ ಅರ್ಜಿ ಹಾಕಬೇಕು. ಇವತ್ತು ಕೊಡುತ್ತಾರೆ, ನಾಳೆ ಕೊಡುತ್ತಾರೆ ಅಂತ ಹೆಣ್ಣುಮಕ್ಕಳು ಕಾಯುತ್ತಾ ಕೂತು ಹಳೆ ತಿಂಗಳುಗಳ ಹಣಕ್ಕೆ ಈ ದಾರಿಯನ್ನೇ ಕಳೆದುಕೊಳ್ಳುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ನೀವು ಕಾಯಬೇಡಿ. ಯಾವ ತಿಂಗಳು ಎಷ್ಟು ಬಂತು, ಎಷ್ಟು ಬರಲಿಲ್ಲ ಅಂತ ಪಟ್ಟಿ ಮಾಡಿ, ಬ್ಯಾಂಕ್ ಪಾಸ್‌ಬುಕ್ ಜೊತೆಗಿಟ್ಟುಕೊಂಡು ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಮತ್ತು ಮಕ್ಕಳಿಗೆ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ, ಆದಾಯದ ಮಿತಿ ನಿಮಗೆ ಅನ್ವಯಿಸುವುದಿಲ್ಲ. ಹೋಗುವ ಮುಂಚೆ ಮಾತಾಡಬೇಕು ಅನಿಸಿದರೆ ಕಾನೂನು ಸೇವೆಯ ಸಹಾಯವಾಣಿ 15100ಕ್ಕೆ ಫೋನ್ ಮಾಡಿ.

ಪ್ರಶ್ನೆ: ತಂಗಿಗೆ ಒಂದು ಸಂಬಂಧ ಬಂದಿದೆ. ಹುಡುಗನಿಗೆ ಮೊದಲು ಮದುವೆಯಾಗಿ ವಿಚ್ಛೇದನ ಆಗಿದೆ ಅನ್ನುತ್ತಾರೆ. ಯಾಕೆ ಆಯಿತು ಅಂತ ತಿಳಿಯಲು ಆ ಕೇಸಿನ ಫೈಲು ಮಾಹಿತಿ ಹಕ್ಕಿನಲ್ಲಿ ತೆಗೆಸಬಹುದೇ?
— ಅಣ್ಣ, ದಾವಣಗೆರೆ

ಆಗುವುದಿಲ್ಲ. ಕೋರ್ಟಿನ ಕಡತದ ನಕಲನ್ನು ಕೋರ್ಟಿನ ನಿಯಮದ ಪ್ರಕಾರವೇ ಕೇಳಬೇಕು, ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಅಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ಹೇಳಿದೆ. ಪಾರ್ಟಿ ಅಲ್ಲದವರು ನಕಲು ಕೇಳಿದರೆ ಕಾರಣ ತಿಳಿಸಿ ಅಫಿಡವಿಟ್ ಹಾಕಬೇಕು, ಕೊಡಬೇಕೋ ಬೇಡವೋ ಅನ್ನುವುದು ಜಡ್ಜ್ ತೀರ್ಮಾನ. ಅದರಲ್ಲೂ ವೈವಾಹಿಕ ಕೇಸುಗಳ ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯಬೇಕು, ಅದನ್ನು ಅಚ್ಚು ಹಾಕಬಾರದು ಅಂತ ಹಿಂದೂ ವಿವಾಹ ಕಾಯ್ದೆಯ 22ನೇ ಸೆಕ್ಷನ್ ಹೇಳುತ್ತದೆ. ಆ ಫೈಲಿನಲ್ಲಿ ಇನ್ನೊಬ್ಬ ಹೆಣ್ಣುಮಗಳ ಬದುಕೂ ಇದೆ ಅಲ್ವಾ? ಆಕೆ ಕೋರ್ಟಿನಲ್ಲಿ ಹೇಳಿಕೊಂಡದ್ದನ್ನು ನಾವು ಮನೆಯಲ್ಲಿ ಕೂತು ಓದುವುದು ಸರಿಯಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಆದರೆ ನಿಮ್ಮ ಆತಂಕ ನ್ಯಾಯವಾದದ್ದು, ಅದಕ್ಕೆ ದಾರಿಯೂ ಇದೆ. ಹುಡುಗನನ್ನೇ ಕೇಳಿ, ಡಿಕ್ರಿಯ ಸರ್ಟಿಫೈಡ್ ಕಾಪಿ ತೋರಿಸಿ ಅಂತ. ಸಂಕೋಚ ಬೇಡ. ನಿಜವಾಗಿ ವಿಚ್ಛೇದನ ಆದವರಿಗೆ ಅದನ್ನು ತರಿಸುವುದು ಕಷ್ಟವಲ್ಲ. ಕೈಗೆ ಬಂದ ಮೇಲೆ ಕೋರ್ಟಿನ ಮೊಹರು, ಕೇಸ್ ನಂಬರು, ದಿನಾಂಕ ನೋಡಿ. ಹೆಂಡತಿ ಕೋರ್ಟಿಗೇ ಬಾರದೆ ಏಕಪಕ್ಷೀಯವಾಗಿ ಆದ ಡಿಕ್ರಿಯೇ ಅಂತ ನೋಡಿ. ಹಾಗಿದ್ದರೆ, ತನಗೆ ಸಮನ್ಸೇ ಮುಟ್ಟಿಲ್ಲ ಅಂತ ಆಕೆ ಮುಂದೆ ಅರ್ಜಿ ಹಾಕಿ ಅದನ್ನು ರದ್ದು ಮಾಡಿಸುವ ಅವಕಾಶ ಇರುತ್ತದೆ. ಮೇಲ್ಮನವಿಯ ಅವಧಿ ಮುಗಿದಿದೆಯೇ, ಹಾಕಿದ್ದರೆ ಅದು ವಜಾ ಆಗಿದೆಯೇ ಅಂತಲೂ ಕೇಳಿ. ಹಿಂದೂ ವಿವಾಹ ಕಾಯ್ದೆ ಮೇಲ್ಮನವಿಗೆ 90 ದಿನ ಕೊಟ್ಟಿದೆ.

ಇನ್ನು ಅವರು 20 ರೂಪಾಯಿಯದೋ 100 ರೂಪಾಯಿಯದೋ ಸ್ಟಾಂಪ್ ಪೇಪರ್ ತಂದು, ನೋಟರಿ ಸೀಲು ತೋರಿಸಿ, ಊರ ಹಿರಿಯರ ಮುಂದೆ ಬರೆಸಿಕೊಂಡಿದ್ದೇವೆ ಅಂದರೆ ಅಲ್ಲೇ ನಿಲ್ಲಿ. ಒಂದು ಸಮುದಾಯದಲ್ಲಿ ತಲೆತಲಾಂತರದಿಂದ ನಡೆದುಬಂದ ರೂಢಿ ಇದೆ ಅಂತ ಸಾಬೀತು ಮಾಡಲು ಆದರೆ ಮಾತು ಬೇರೆ, ಅದು ಬಿಟ್ಟರೆ ಇಂಥ ಕಾಗದದಿಂದ ಹಿಂದೂ ಮದುವೆ ಮುರಿಯುವುದಿಲ್ಲ. ಮೊದಲ ಮದುವೆ ಉಳಿದಿದ್ದರೆ ನಿಮ್ಮ ತಂಗಿಯ ಮದುವೆ ಕಾನೂನಿನ ಕಣ್ಣಿನಲ್ಲಿ ಮದುವೆಯೇ ಆಗುವುದಿಲ್ಲ. ಹುಡುಗ ಒಳ್ಳೆಯವನು, ಕಾಗದ ಆಮೇಲೆ ನೋಡೋಣ ಅನ್ನುವವರ ಮಾತು ಕೇಳಬೇಡಿ.

ಪ್ರಶ್ನೆ: ನಾನಿರುವುದು ಸಿಡ್ನಿಯಲ್ಲಿ. ಬೆಂಗಳೂರಿನ ಡಿಕ್ರಿಯ ನಕಲು ಬೇಕು. ಇದಕ್ಕಾಗಿ ಬರಲೇಬೇಕಾ?
— ಸಿಡ್ನಿಯಿಂದ ಒಬ್ಬ ಓದುಗ

ಬರಬೇಕಾಗಿಲ್ಲ. ವಕಾಲತ್, ಅಂದರೆ ವಕೀಲರನ್ನು ನೇಮಿಸುವ ಸಹಿ ಪತ್ರ ಕಳಿಸಿದರೆ ವಕೀಲರು ನಿಮ್ಮ ಪರವಾಗಿ ಅರ್ಜಿ ಹಾಕುತ್ತಾರೆ. ಅಪ್ಪ, ಅಮ್ಮ ಯಾರಾದರೂ ಓಡಾಡುವುದಾದರೆ ಅವರ ಹೆಸರಿಗೆ ಪವರ್ ಆಫ್ ಅಟಾರ್ನಿ ಮಾಡಿ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಕಳಿಸಿ. ಅದು ಇಲ್ಲಿಗೆ ತಲುಪಿದ 3 ತಿಂಗಳೊಳಗೆ ಸ್ಟಾಂಪ್ ಶುಲ್ಕ ಕಟ್ಟಿಸಬೇಕು. ಅಲ್ಲಿನ ಕಚೇರಿಯವರು ಬರೀ ಸರ್ಟಿಫೈಡ್ ಕಾಪಿ ಒಪ್ಪುತ್ತಾರಾ, ಅಪಾಸ್ಟಿಲ್ (ದಾಖಲೆ ಅಸಲಿ ಅಂತ ವಿದೇಶದಲ್ಲಿ ಒಪ್ಪುವ ದೃಢೀಕರಣ) ಕೂಡ ಬೇಕಾ ಅಂತ ಮೊದಲೇ ಕೇಳಿಕೊಳ್ಳಿ. ಭಾರತದಲ್ಲಿ ಅಪಾಸ್ಟಿಲ್ ವ್ಯವಸ್ಥೆ 2005ರಿಂದ ಇದೆ, ವಿದೇಶಾಂಗ ಸಚಿವಾಲಯ ಹಾಕಿಕೊಡುತ್ತದೆ. ಅದಕ್ಕೆ ಬೇಕಾಗುವುದು ಕೋರ್ಟಿನ ಮೊಹರಿರುವ ನಕಲು, ಜೆರಾಕ್ಸ್ ನಡೆಯುವುದಿಲ್ಲ. ತೀರ್ಪು ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದವೂ ಬೇಕಾಗುತ್ತದೆ, ಅದನ್ನು ಯಾರಿಂದ ಮಾಡಿಸಿದರೆ ಒಪ್ಪುತ್ತಾರೆ ಅಂತ ಅದೇ ಸಲ ಕೇಳಿಬಿಡಿ.