ಧಾರವಾಡದ ಮನೆಯ 12×10 ಅಡಿ ಖೋಲಿಯಲ್ಲಿ ಸಬ್‌ವೂಫರ್ ಗುಂಯ್ ಎನ್ನುತ್ತಿದೆ, ಹೇಗೆ ಸರಿಪಡಿಸಲಿ?

ನೀವು ಬರೆದ ಪ್ರಕಾರ ಖೋಲಿ 12 ಅಡಿ ಉದ್ದ, 10 ಅಡಿ ಅಗಲ, ಸ್ಲ್ಯಾಬ್ 10 ಅಡಿ ಎತ್ತರ. 10 ಇಂಚಿನ ಸಬ್‌ವೂಫರ್ (ಬೇಸ್ ಮಾತ್ರ ನುಡಿಸುವ ಸ್ಪೀಕರ್) ಮೂಲೆಯಲ್ಲಿದೆ, ನೀವು ಕೂರುವ ದಿವಾನ ಹಿಂದಿನ ಗೋಡೆಗೆ ಹತ್ತಿದೆ. ಸಿನಿಮಾ ಹಾಡಿನಲ್ಲಿ ಬೇಸ್ ಗಿಟಾರಿನ ಒಂದೆರಡು ಸ್ವರ ಮಾತ್ರ ಗುಂಯ್ ಎನ್ನುತ್ತವೆ, ವಾಲ್ಯೂಮ್ ಇಳಿಸಿದರೆ ಬೇಸೇ ಇಲ್ಲ. ಇದು ಸಬ್‌ವೂಫರಿನ ದೋಷವಲ್ಲ, ಖೋಲಿಯ ಅಳತೆಯದು.

565ನ್ನು ಅಡಿಯ ಲೆಕ್ಕದ ಅಳತೆಯಿಂದ ಭಾಗಿಸಿದರೆ ಆ ಎರಡು ಗೋಡೆಗಳ ನಡುವೆ ಧ್ವನಿ ಯಾವ ಹರ್ಟ್ಸ್‌ನಲ್ಲಿ ಅನುರಣಿಸುತ್ತದೆ ಎಂದು ಗೊತ್ತಾಗುತ್ತದೆ. 12 ಅಡಿಗೆ 47, 10 ಅಡಿಗೆ 56. ನಿಮ್ಮಲ್ಲಿ ಅಗಲ, ಎತ್ತರ ಎರಡೂ 10 ಅಡಿ ಇರುವುದರಿಂದ 56ರಲ್ಲಿ ಎರಡು ಅನುರಣನ ಒಂದರ ಮೇಲೊಂದು ಕೂತಿವೆ. ಬೇಸ್ ಗಿಟಾರಿನ ಎ ತಂತಿ ನುಡಿಯುವುದು 55ರಲ್ಲಿ. ಮೂಲೆಯಲ್ಲಿಟ್ಟ ಸಬ್‌ವೂಫರ್ ಇವೆಲ್ಲವನ್ನೂ ಪೂರ್ತಿ ಕೆರಳಿಸುತ್ತದೆ. ಹಿಂಗೋಡೆಗೆ ಕಿವಿ ಹತ್ತಿರವಿದ್ದಾಗ 47 ಅತಿ ಜೋರಾಗಿ ಕೇಳುತ್ತದೆ.

ಆದ್ದರಿಂದ ಗುಂಡಿ ತಿರುಗಿಸುವ ಮುಂಚೆ ಜಾಗ ಬದಲಿಸಿ. ದಿವಾನವನ್ನು ಮುಂದೆ ಎಳೆದು, ತಲೆ ಹಿಂಗೋಡೆಯಿಂದ ಮೂರರಿಂದ ನಾಲ್ಕೂವರೆ ಅಡಿ ದೂರ ಬರುವಂತೆ ಮಾಡಿ. ನಂತರ ಸಬ್‌ವೂಫರನ್ನೇ ದಿವಾನದ ಮೇಲೆ, ನೀವು ಕೂರುವ ಜಾಗದಲ್ಲಿ ಇಡಿ. ಉಳಿದ ಸ್ಪೀಕರ್ ಬಂದ್ ಮಾಡಿ, ಕ್ರಾಸ್‌ಓವರ್ ಗುಂಡಿ (ಎಷ್ಟು ಹರ್ಟ್ಸ್‌ವರೆಗಿನ ಸ್ವರ ಸಬ್‌ವೂಫರ್ ನುಡಿಸಬೇಕೆಂದು ಗೊತ್ತುಮಾಡುವುದು) ಗರಿಷ್ಠಕ್ಕೆ ತಿರುಗಿಸಿ, 30ರಿಂದ 120 ಹರ್ಟ್ಸ್‌ವರೆಗೆ ನಿಧಾನ ಏರುವ ಟೋನ್ ಹಾಕಿ. ಈಗ ನೀವು ಗೋಡೆಯಗುಂಟ ಮೊಣಕಾಲೂರಿ, ಕಿವಿಯನ್ನು ನೆಲದಿಂದ ಒಂದಡಿ ಎತ್ತರದಲ್ಲಿಟ್ಟು ಸರಿಯುತ್ತ ಹೋಗಿ. ಎಲ್ಲಿ ಏರಿಳಿತ ಕಡಿಮೆಯೋ, ಯಾವ ಸ್ವರವೂ ಉಬ್ಬದೆ, ಯಾವುದೂ ಮಾಯವಾಗದೆ ಕೇಳುತ್ತದೋ ಅಲ್ಲಿ ಸಬ್‌ವೂಫರ್ ಇಡಿ. ಧ್ವನಿಯ ಮೂಲ ಮತ್ತು ಕಿವಿ ಅದಲುಬದಲಾದರೂ ಖೋಲಿಯ ಪ್ರಭಾವ ಒಂದೇ, ಅದಕ್ಕೇ ಈ ಉಪಾಯ ಕೆಲಸ ಮಾಡುತ್ತದೆ. ಇಂಥ ಖೋಲಿಯಲ್ಲಿ ಉದ್ದನೆಯ ಅಥವಾ ಅಗಲದ ಗೋಡೆಯ ನಡುಭಾಗ ಹಲವು ಸಲ ಮೂಲೆಗಿಂತ ಚೆನ್ನಾಗಿರುತ್ತದೆ. ಮಳೆಗಾಲದಲ್ಲಿ ಕಿಟಕಿ ಮುಚ್ಚಿಯೇ ಕೇಳುವವರಾದರೆ ಈ ಕೆಲಸವನ್ನೂ ಮುಚ್ಚಿಯೇ ಮಾಡಿ.

ಆಂಪ್ಲಿಫೈಯರಿನಲ್ಲೇ ಕ್ರಾಸ್‌ಓವರ್ ಇದ್ದರೆ ಅಲ್ಲಿ 80 ಇಟ್ಟು, ಸಬ್‌ವೂಫರಿನ ಗುಂಡಿ ಗರಿಷ್ಠದಲ್ಲೇ ಬಿಡಿ. ಎರಡೂ ಕಡೆ ಕತ್ತರಿಸಿದರೆ ನಡುವೆ ಹಳ್ಳ ಬೀಳುತ್ತದೆ, ಅಂದರೆ ಅಲ್ಲಿಯ ಸ್ವರ ಕ್ಷೀಣವಾಗುತ್ತದೆ. ಸಾದಾ ಸ್ಟೀರಿಯೋ ಆಂಪ್ಲಿಫೈಯರ್ ಆದರೆ ಸಬ್‌ವೂಫರಿನ ಗುಂಡಿಯನ್ನು 60ರಿಂದ ಶುರುಮಾಡಿ ಮೇಲೇರಿಸಿ. ಫೇಸ್ ಸ್ವಿಚ್ (ಸಬ್‌ವೂಫರಿನ ಅಲೆಯನ್ನು ತಿರುವುಮಾಡುವುದು) ಹೊಂದಿಸಲು ಕ್ರಾಸ್‌ಓವರ್ ಇಟ್ಟ ಹರ್ಟ್ಸ್‌ನ ಟೋನ್ ಹಾಕಿ, ಎಲ್ಲ ಸ್ಪೀಕರ್ ಚಾಲೂ ಇಟ್ಟು, ಕೂತಲ್ಲಿಂದಲೇ ಕೇಳಿ. 0 ಮತ್ತು 180ರಲ್ಲಿ ಯಾವುದು ಜೋರೋ ಅದೇ ಸರಿ.

ಸಬ್‌ವೂಫರಿನ ಲೆವೆಲ್ (ವಾಲ್ಯೂಮ್) ಸೊನ್ನೆಯಿಂದ ಏರಿಸಿ. ಮೊಬೈಲ್ ಆ್ಯಪ್‌ನಿಂದ ಅಳೆಯುವುದಾದರೆ ಅದನ್ನು ಸಿ ತೂಕಕ್ಕೆ (ಸಿ-ವೇಟಿಂಗ್, ಕೆಳಸ್ವರವನ್ನೂ ಹೆಚ್ಚುಕಡಿಮೆ ಪೂರ್ತಿ ಲೆಕ್ಕ ಹಿಡಿಯುವ ಅಳತೆ) ಹಾಕಿ. ಎ ತೂಕದಲ್ಲಿ 50 ಹರ್ಟ್ಸ್ ಸುಮಾರು 30 ಡೆಸಿಬೆಲ್ ಕಡಿಮೆ ತೋರುತ್ತದೆ, ಅದನ್ನು ನಂಬಿ ಏರಿಸಿದರೆ ಮತ್ತೆ ಗುಂಯ್. ಕಿವಿಗೆ ಪರೀಕ್ಷೆ ಬೇಕಾದರೆ ತಂಬೂರಿ ಕೇಳಿ: ಗಾಯಕರ ಷಡ್ಜ ಕಪ್ಪು ಒಂದಾದರೆ (ಹಾರ್ಮೋನಿಯಂನ ಮೊದಲ ಕಪ್ಪು ಮನೆ) ಖರ್ಜದ, ಅಂದರೆ ಅತಿ ಕೆಳಸ್ವರದ, ತಂತಿ ಸುಮಾರು 69 ಹರ್ಟ್ಸ್, ಸಬ್‌ವೂಫರಿನ ವ್ಯಾಪ್ತಿಯೊಳಗೇ. ಗಾಯಕಿಯರ ಕಪ್ಪು ನಾಲ್ಕರಲ್ಲಿ ಅದು 104ಕ್ಕೆ ಏರುತ್ತದೆ, ಮುಖ್ಯ ಸ್ಪೀಕರೇ ನುಡಿಸುತ್ತದೆ. ಎರಡರಲ್ಲೂ ಖರ್ಜ ತಂತಿಯ ಜಾಗದಿಂದಲೇ ಬಂದಂತಿರಬೇಕು, ಸಬ್‌ವೂಫರ್ ಪೆಟ್ಟಿಗೆಯ ಕಡೆಯಿಂದ ಬಂದಂತಲ್ಲ.

ಇಷ್ಟಾದ ಮೇಲೂ 56ರಲ್ಲಿ ಉಬ್ಬು ಉಳಿದರೆ ರೂಮ್ ಇಕ್ಯೂ ವಿಝಾರ್ಡ್ ಎಂಬ ಉಚಿತ ಸಾಫ್ಟ್‌ವೇರ್, ಒಂದು ಯುಎಸ್‌ಬಿ ಅಳತೆ ಮೈಕ್ ತಂದು ನೋಡಿ, ಈಕ್ವಲೈಸರಿನಲ್ಲಿ (ಬೇಕಾದ ಹರ್ಟ್ಸ್‌ನ ಜೋರನ್ನಷ್ಟೇ ಏರಿಳಿಸುವುದು) ಆ ಉಬ್ಬನ್ನಷ್ಟೇ ಕತ್ತರಿಸಿ. ಹಳ್ಳವನ್ನು ಮಾತ್ರ ಎಂದೂ ತುಂಬಬೇಡಿ: 6 ಡೆಸಿಬೆಲ್ ಏರಿಸಲು ನಾಲ್ಕು ಪಟ್ಟು ಪವರ್ ಬೇಕು, ಹಳ್ಳ ಮಾಡುವ ಪ್ರತಿಫಲಿತ ಅಲೆಯೂ ಅಷ್ಟೇ ಏರುವುದರಿಂದ ಫಲ ಸೊನ್ನೆ.

ನೆಲಕ್ಕೆ ನವಲಗುಂದದ ಜಮಖಾನೆ ಹಾಸಿದರೆ ಸ್ವರ ಮೇಲ್ಭಾಗದಲ್ಲಿ ಮೃದುವಾಗುತ್ತದೆ, ಆದರೆ 56 ಹರ್ಟ್ಸ್ ಅಲೆ 20 ಅಡಿ ಉದ್ದ, ಅದಕ್ಕೆ ಜಮಖಾನೆ ಲೆಕ್ಕಕ್ಕಿಲ್ಲ. ತಿಜೋರಿ, ಕಿಟಕಿ ಗಾಜು, ಗೋಡೆಯ ಫೋಟೋ ಗಡಗಡ ಎನ್ನುವುದನ್ನು ಅದೇ ಟೋನ್ ಓಡಿಸಿ ಹಿಡಿದು, ರಬ್ಬರ್ ತುಂಡು ಸಿಕ್ಕಿಸಿ.

ಹಾಡಿಲ್ಲದಾಗಲೂ ಗುಂ ಎಂಬ ಸಪ್ಪಳವಿದ್ದರೆ, ಕೇಬಲ್ ಟಿವಿಯ ವೈರ್ ಬಿಚ್ಚಿ ನೋಡಿ. ನಿಂತರೆ ಅದು ಅರ್ಥ್ ಲೂಪ್, ಅಂದರೆ ಎರಡು ದಾರಿಯಿಂದ ಅರ್ಥ್ ಸೇರಿದ್ದರಿಂದ ಬರುವ ಸಪ್ಪಳ. ಎಲ್ಲವನ್ನೂ ಒಂದೇ ಬೋರ್ಡಿಗೆ ಹಾಕಿ, ಅರ್ಥಿಂಗ್ ಪಿನ್ ಕತ್ತರಿಸಬೇಡಿ, ಶಾಕ್ ಹೊಡೆಯುವ ಅಪಾಯವಿದೆ.