ರೂಗರ್ ಪಿಸಿ ಕಾರ್ಬೈನೋ, ಹೈ-ಪಾಯಿಂಟ್ 995 ಓ?

ಪ್ರಶ್ನೆ: ಟೆಕ್ಸಾಸ್‌ನಲ್ಲಿದ್ದೇನೆ, ಗ್ರೀನ್ ಕಾರ್ಡ್ ಇದೆ. ರೇಂಜ್‌ನಲ್ಲಿ ಗುರಿ ಅಭ್ಯಾಸಕ್ಕೆ 9 ಎಂಎಂ ಕಾರ್ಬೈನ್ (ಗಿಡ್ಡ ರೈಫಲ್) ಕೊಳ್ಳಬೇಕೆಂದಿದ್ದೇನೆ. ರೂಗರ್ ಪಿಸಿ ಕಾರ್ಬೈನ್‌ಗೆ ಹೋಲಿಸಿದರೆ ಹೈ-ಪಾಯಿಂಟ್ 995 ಹೆಚ್ಚುಕಮ್ಮಿ ಅರ್ಧ ಬೆಲೆಗೆ ಸಿಗುತ್ತದೆ. ರೂಗರ್‌ಗೆ ಅಷ್ಟು ಹಣ ಹಾಕುವುದು ಸಾರ್ಥಕವೇ? ಎಚ್-1ಬಿ ವೀಸಾದಲ್ಲಿರುವ ತಮ್ಮನೂ ಜೊತೆಗೆ ಬರುತ್ತಾನೆ.

ಉತ್ತರ: ತಿಂಗಳಿಗೆ ಒಂದೆರಡು ಸಲವಾದರೂ ರೇಂಜ್‌ಗೆ ಹೋಗುವವರಾದರೆ ರೂಗರ್ ಕೊಳ್ಳಿ. ಹೆಚ್ಚು ಕೊಟ್ಟ ಹಣ ಎಲ್ಲಿ ಹೋಯಿತು ಎನ್ನುವುದು ಬಂದೂಕು ಬಿಚ್ಚಿದರೆ ಕಣ್ಣಿಗೇ ಕಾಣುತ್ತದೆ.

ಎರಡೂ ಬ್ಲೋಬ್ಯಾಕ್ ಬಂದೂಕುಗಳೇ. ಇವುಗಳಲ್ಲಿ ನಳಿಗೆಯ ಹಿಂಬದಿಗೆ ಬೀಗವಿಲ್ಲ. ತೋಟಾ ಸಿಡಿದಾಗ ಒತ್ತಡ ಇಳಿಯುವವರೆಗೂ ಅದನ್ನು ತಡೆಹಿಡಿಯುವುದು ಬೋಲ್ಟ್‌ನ, ಅಂದರೆ ನಳಿಗೆಯ ಹಿಂಬದಿ ಮುಚ್ಚುವ ಲೋಹದ ತುಂಡಿನ, ಭಾರ ಮತ್ತು ಸ್ಪ್ರಿಂಗ್ ಮಾತ್ರ. ಆ ಭಾರವಾದ ಬೋಲ್ಟ್ ಹಿಂದಕ್ಕೆ ಬಂದು ಬಡಿಯುವುದರಿಂದಲೇ ಪಿಸ್ತೂಲಿನ ತೋಟಾ ಹಾರಿಸುವ ಕಾರ್ಬೈನ್ ನಾವೆಣಿಸಿದ್ದಕ್ಕಿಂತ ಜೋರಾಗಿ ಒದೆಯುತ್ತದೆ. ರೂಗರ್ ಬೋಲ್ಟ್‌ನ ಒಳಗೆ ಟಂಗ್‌ಸ್ಟನ್ ತುಂಡೊಂದು ಹಿಂದೆ ಮುಂದೆ ಸರಿದಾಡುತ್ತದೆ. ಬೋಲ್ಟ್ ನಿಂತ ಮೇಲೆ ಅದು ಕ್ಷಣ ತಡವಾಗಿ ಬಡಿಯುವುದರಿಂದ ಪೆಟ್ಟು ಹಂಚಿಹೋಗುತ್ತದೆ, ಬೋಲ್ಟ್ ಪುಟಿಯುವುದೂ ಕಡಿಮೆ. 2017ರ ಕೊನೆಯಲ್ಲಿ ಈ ಮಾದರಿ ಬಂದಾಗ ನನ್ನ ಮನಸ್ಸು ಗೆದ್ದದ್ದು ಇದೇ.

ರೂಗರ್‌ನ ರಿಸೀವರ್ (ಬೋಲ್ಟ್ ಕೂರುವ ಹೊರಕವಚ) ಗಟ್ಟಿ ಅಲ್ಯೂಮಿನಿಯಂನದು, ನಳಿಗೆ ತಣ್ಣಗೆ ಬಡಿದು ರೂಪಿಸಿದ ಉಕ್ಕಿನದು. ನಳಿಗೆಯನ್ನು ಕೈಯಲ್ಲೇ ತಿರುಗಿಸಿ ಬೇರ್ಪಡಿಸಬಹುದು, ಹಾಗಾಗಿ ಹಿಂಬದಿಯಿಂದಲೇ ಶುಚಿ ಮಾಡಬಹುದು. ಹೈ-ಪಾಯಿಂಟ್‌ನಲ್ಲಿ ಅದೇ ಕೆಲಸಕ್ಕೆ ಸ್ಕ್ರೂ, ಪಿನ್ನು ಬಿಚ್ಚುತ್ತ ಕೂರಬೇಕು. ಬೇಸರಕ್ಕೆ ಶುಚಿ ಮಾಡುವುದನ್ನೇ ಬಿಟ್ಟವರನ್ನು ನೋಡಿದ್ದೇನೆ.

ಹಾಗೆಂದು ಹೈ-ಪಾಯಿಂಟ್ ಕಳಪೆ ಎನ್ನಲಾರೆ. ಅದರಲ್ಲಿ ಜಮಾಕ್ ಎಂಬ ಸತುವಿನ ಮಿಶ್ರಲೋಹದ ಎರಕ ಬಳಸುತ್ತಾರೆ. ಅಗ್ಗ, ಒರಟು, ದಪ್ಪ, ನಿಜ. ಆದರೆ ನಳಿಗೆ ಉಕ್ಕಿನದೇ. ಓಹಿಯೊದ ಈ ಕಂಪನಿ ಬಂದೂಕು ಎಷ್ಟು ಕೈ ಬದಲಾದರೂ ಜೀವಿತಾವಧಿ ವಾರಂಟಿ ಕೊಡುತ್ತದೆ. ವರ್ಷಕ್ಕೆ ನಾಲ್ಕು ಸಲ ಹೊರತೆಗೆಯುವವರಿಗೆ ಅಷ್ಟು ಸಾಕು.

ಮ್ಯಾಗಜಿನ್, ಅಂದರೆ ತೋಟಾ ತುಂಬಿಡುವ ಡಬ್ಬಿಯ ಲೆಕ್ಕವನ್ನೂ ಹಾಕಿ. ಹೈ-ಪಾಯಿಂಟ್‌ಗೆ ಅದರದೇ 10 ತೋಟಾದ ಮ್ಯಾಗಜಿನ್. ರೂಗರ್‌ಗೆ ಒಳಭಾಗವೊಂದನ್ನು ಬದಲಿಸಿದರೆ ಗ್ಲಾಕ್ ಮ್ಯಾಗಜಿನ್ ಕೂರುತ್ತದೆ. ಮನೆಯಲ್ಲಿ ಗ್ಲಾಕ್ ಪಿಸ್ತೂಲಿದ್ದರೆ ಬೆಲೆಯ ಅಂತರ ಅಲ್ಲೇ ಒಂದಿಷ್ಟು ಕರಗುತ್ತದೆ.

ಎರಡರ ನಳಿಗೆಯೂ 16 ಇಂಚಿಗಿಂತ ತುಸು ಉದ್ದ. ಅದನ್ನು ಕತ್ತರಿಸುವ ಯೋಚನೆ ಖಂಡಿತ ಬೇಡ. 16 ಇಂಚಿಗಿಂತ ಕಿರಿದಾದರೆ 1934ರ ಫೆಡರಲ್ ಬಂದೂಕು ಕಾಯ್ದೆಯಡಿ (ನ್ಯಾಷನಲ್ ಫೈರ್‌ಆರ್ಮ್ಸ್ ಆ್ಯಕ್ಟ್) ನೋಂದಣಿಯಾಗಬೇಕು.

ತಮ್ಮನ ವಿಷಯಕ್ಕೆ ಬಂದರೆ, ಗ್ರೀನ್ ಕಾರ್ಡ್ ಇರುವ ನೀವು ಕೊಳ್ಳಬಹುದು. ಎಚ್-1ಬಿಯಂಥ ವಲಸೆಯೇತರ ವೀಸಾದಲ್ಲಿರುವವರು ಬಂದೂಕು, ತೋಟಾ ಹೊಂದುವುದು ಫೆಡರಲ್ ಕಾನೂನಿನಲ್ಲಿ ಅಪರಾಧ. ರೇಂಜ್‌ನಲ್ಲಿ ಐದು ನಿಮಿಷ ಕೈಗೆತ್ತಿಕೊಂಡರೂ ತೊಂದರೆಯೇ, ಕೊಟ್ಟ ನಿಮಗೂ ತಪ್ಪಿದ್ದಲ್ಲ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಮೊದಲು ಅವರಿಗೆ ಅದನ್ನು ಮಾಡಿಸಿ, ಆಮೇಲೆ ರೇಂಜ್‌ಗೆ ಕರೆದೊಯ್ಯಿರಿ.