ದೇವರಾಜ ಮಾರುಕಟ್ಟೆ ಕೆಡವಿ ಮಾಲ್ ಕಟ್ಟುತ್ತಾರಂತೆ, ಹತ್ತಿರದಲ್ಲಿ ಅಂಗಡಿ ಹಿಡಿಯಬಹುದೇ?

ಮೈಸೂರಿನ ಅರಸು ರಸ್ತೆಯಲ್ಲಿ ಮಳಿಗೆ ಬಾಡಿಗೆಗೆ ನೋಡಿದ್ದೀರಿ, ದೇವರಾಜ ಮಾರುಕಟ್ಟೆ ಹೋಗಿ ಅಲ್ಲಿ ಮಾಲ್ ಬರುತ್ತದೆ ಎಂಬ ಸುದ್ದಿ ಕೇಳಿ ಹಿಂದೆಮುಂದೆ ನೋಡುತ್ತಿದ್ದೀರಿ. ಹುಟ್ಟಿದಾಗಿನಿಂದ ಆ ಮಾರುಕಟ್ಟೆಯ ತರಕಾರಿ ತಿಂದು ಬೆಳೆದವನು ನಾನು, ಹಾಗಾಗಿ ನನ್ನ ಅಂದಾಜು ಹೇಳುತ್ತೇನೆ. ಮಾಲ್ ಬರುವುದಿಲ್ಲ. ನನಗೆ ಭಯವಿರುವುದು ತಗಡಿನ ಬೇಲಿಯದು: ಕೆಡವಿ, ಸುತ್ತ ತಗಡು ಹೊಡೆದು, ಅನುದಾನವಿಲ್ಲ ಎಂದು ವರ್ಷಗಟ್ಟಲೆ ಹಾಗೇ ಬಿಡುವುದು.

ಮಾಲ್ ಮಾತು ಎಲ್ಲಿಂದ ಹುಟ್ಟಿತು ಎಂಬುದು ಸುಲಭವಾಗಿ ಗೊತ್ತಾಗುತ್ತದೆ. 2016ರ ಆಗಸ್ಟ್‌ನಲ್ಲಿ, ದುರಸ್ತಿ ಕೆಲಸ ನಡೆಯುತ್ತಿದ್ದಾಗಲೇ, ಧನ್ವಂತರಿ ರಸ್ತೆ ಕಡೆಯ ಉತ್ತರದ ಹೆಬ್ಬಾಗಿಲಿನ ಭಾಗ ಕುಸಿಯಿತು. ಅದಕ್ಕೂ ನಾಲ್ಕು ವರ್ಷ ಮೊದಲು, 2012ರಲ್ಲಿ, ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ನಾಲ್ಕು ಜೀವ ಹೋಗಿತ್ತು. ಆಮೇಲೆ ಕೆಡವಬೇಕು ಎನ್ನುವವರಿಗೂ ಉಳಿಸಬೇಕು ಎನ್ನುವವರಿಗೂ ಜಗಳ ಶುರುವಾಯಿತು. ದುರಸ್ತಿ ಸಾಧ್ಯ ಎಂದು ಪಾರಂಪರಿಕ ಕಟ್ಟಡಗಳ ಸಂರಕ್ಷಣೆಗೆ ದುಡಿಯುವ ಸಂಸ್ಥೆ ಇಂಟ್ಯಾಕ್ ಹೇಳಿತು, ಪಾಲಿಕೆ ಒಪ್ಪಲಿಲ್ಲ, ವ್ಯಾಪಾರಿಗಳು ಕೋರ್ಟ್ ಮೆಟ್ಟಿಲು ಹತ್ತಿದರು. 2023ರಲ್ಲಿ ಹೈಕೋರ್ಟ್ ತೀರ್ಪು ಕೆಡವುವವರ ಕಡೆಗೆ ಬಂತು. ಆದರೆ ಆಗಲೂ ಮುಂದಿದ್ದ ಪ್ರಸ್ತಾವ ಹಳೆಯ ಪಾರಂಪರಿಕ ಶೈಲಿಯಲ್ಲೇ ಮತ್ತೆ ಕಟ್ಟುವುದು, ಗಾಜಿನ ಗೋಪುರ ಎಬ್ಬಿಸುವುದಲ್ಲ. ಜಂಬೂಸವಾರಿ ಸಾಗುವ ಸಯ್ಯಾಜಿರಾವ್ ರಸ್ತೆಯ ಮೇಲೆ, ಚಿಕ್ಕ ಗಡಿಯಾರ ಗೋಪುರದ ಪಕ್ಕದಲ್ಲಿ ಅಂಥದ್ದನ್ನು ಕಟ್ಟಲು ಯಾವ ಸರ್ಕಾರಕ್ಕೂ ಧೈರ್ಯ ಬರುವುದಿಲ್ಲ.

ಇನ್ನೊಂದು ಕಾರಣ ವ್ಯಾಪಾರದ್ದೇ. ಒಳಗೆ 800ರ ಆಸುಪಾಸು ಮಳಿಗೆಗಳಿವೆ, ಬಹುತೇಕ ಎಲ್ಲವೂ ನೆಲದ ಮಟ್ಟದಲ್ಲಿ. ಒಂದು ಮಾರು ಮಲ್ಲಿಗೆಗೋ, ಒಂದು ಕಟ್ಟು ವೀಳ್ಯದೆಲೆಗೋ, ಚಿಪ್ಪು ರಸಬಾಳೆಗೋ ಯಾರೂ ಎರಡನೇ ಮಹಡಿ ಹತ್ತುವುದಿಲ್ಲ. ಬೆಳಗಿನ ಜಾವ ಮೂಟೆ ಇಳಿಸುವ ಹಮಾಲಿ, ಬೀದಿಯಿಂದ ನೇರ ಒಳಗೆ ಬರುವ ತಳ್ಳುಗಾಡಿ, ಅರಿಸಿನ ಕುಂಕುಮ ಕೊಂಡು ಹಾಗೇ ಪಕ್ಕದ ಸಾಲಿನಲ್ಲಿ ಕಾಯಿ ಹಣ್ಣು ಕೊಳ್ಳುವ ಗಿರಾಕಿ, ಇವರೆಲ್ಲ ಸಮತಟ್ಟಿನ ನೆಲವನ್ನು ನಂಬಿದವರು. ಮಹಡಿ ಏರಿಸಿದರೆ ಕೆಳಗಿನ ಸಾಲಿಗೆ ಹೊಡೆದಾಟ, ಮೇಲಿನದು ಗೋದಾಮು. ಮೈಸೂರು ಪಾಕ್ ಕೊಳ್ಳಲು ಗುರು ಸ್ವೀಟ್ಸ್ ಮುಂದೆ ನಿಲ್ಲುವ ಜನ ಕೂಡ ರಸ್ತೆಯಲ್ಲಿ ನಡೆದು ಬರುವವರೇ, ಪಾರ್ಕಿಂಗ್ ಹುಡುಕಿಕೊಂಡು ಬರುವವರಲ್ಲ.

ಹಾಗಾದರೆ ಬೇಲಿಯ ಭಯ ಏಕೆ? ಅಲ್ಲೇ ಸುತ್ತಮುತ್ತ ನೋಡಿ. ಪುರಭವನದ ಆವರಣದಲ್ಲಿ ನೆಲದಡಿ ವಾಹನ ನಿಲ್ದಾಣಕ್ಕೆ ಅಗೆದದ್ದು ಎಷ್ಟು ವರ್ಷ ಎಳೆಯಿತೆಂದು ಊರಿನ ಯಾರನ್ನು ಕೇಳಿದರೂ ಹೇಳುತ್ತಾರೆ. ಮಕ್ಕಾಜಿ ಚೌಕದ ವಾಣಿಜ್ಯ ಸಂಕೀರ್ಣದ ಯೋಜನೆಯೂ ಅರ್ಧಕ್ಕೇ ನಿಂತಿತು. ಒಂದೇ ಏಟಿಗೆ ಮಾರುಕಟ್ಟೆಯನ್ನೂ ಕೆಡವಿದರೆ ಅದೇ ಗತಿ ಆಗುವುದಿಲ್ಲ ಎಂದು ಹೇಗೆ ನಂಬಲಿ? ಅಷ್ಟರಲ್ಲಿ ಹೂವಿನವರು ಒಂದು ಕಡೆ, ಎಲೆಯವರು ಇನ್ನೊಂದು ಕಡೆ ಚೆದುರಿರುತ್ತಾರೆ. ಮೂರ್ನಾಲ್ಕು ವರ್ಷ ಬೇರೆ ಕಡೆ ಕೊಳ್ಳಲು ಕಲಿತ ಗಿರಾಕಿಯನ್ನು ಹೊಸ ಕಟ್ಟಡ ವಾಪಸ್ ಕರೆತರುವುದು ಕಷ್ಟ.

ನನ್ನ ಮನಸ್ಸು ದುರಸ್ತಿಯ ಕಡೆಗಿದೆ, ಅದನ್ನು ಮುಚ್ಚಿಡುವುದಿಲ್ಲ. 1880ರ ದಶಕದ ಈ ಕಟ್ಟಡ ಇಟ್ಟಿಗೆ, ಸುಣ್ಣದ ಗಾರೆಯದು. ಸುಣ್ಣದ ಗೋಡೆ ಹೀರಿದ ನೀರನ್ನು ಆರಿಸಿಕೊಳ್ಳುತ್ತದೆ. ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿದು ಗಾರೆ ಪುಡಿಯಾಗುತ್ತದೆ. ತಾರಸಿ ಸೋರುವುದು, ಸಂದಿಯಲ್ಲಿ ಅರಳಿ ಸಸಿ ಬೇರು ಬಿಡುವುದು, ಚರಂಡಿ ಕಟ್ಟಿ ನೀರು ಬುನಾದಿಗೆ ಇಳಿಯುವುದು, ಇವೆಲ್ಲ ವರ್ಷ ವರ್ಷ ನೋಡಿಕೊಳ್ಳಬೇಕಾದ ಕೆಲಸಗಳು. ಒಂದೊಂದು ಸಾಲು ಖಾಲಿ ಮಾಡಿಸಿ, ಗಟ್ಟಿ ಮಾಡಿ, ಅದೇ ವ್ಯಾಪಾರಿಗಳನ್ನು ಒಳಗೆ ಬಿಟ್ಟು ಮುಂದಿನ ಸಾಲಿಗೆ ಹೋಗಬಹುದಿತ್ತು. ಇನ್ನು ನೆಲಮಾಳಿಗೆಯ ಪಾರ್ಕಿಂಗ್ ಆಸೆಯನ್ನಂತೂ ಬಿಡಲೇಬೇಕು. ಒಂದು ಕಾಲಕ್ಕೆ ಪೂರ್ಣಯ್ಯ ನಾಲೆ ಇದ್ದ ಜಾಗ ಅದು. ಅಲ್ಲಿ ಆಳವಾಗಿ ಅಗೆಯುವ ಮೊದಲು ಮಣ್ಣು, ನೀರಿನ ಪರೀಕ್ಷೆಯನ್ನು ಜನರ ಮುಂದಿಡಬೇಕು.

ನೀವು ಪತ್ರಿಕೆಯಲ್ಲಿ ಬರುವ ಬಣ್ಣದ ನಕ್ಷೆ ನೋಡಬೇಡಿ. ಮೂರು ವಿಷಯ ಗಮನಿಸಿ. ತಾತ್ಕಾಲಿಕ ಜಾಗ ನಿಜಕ್ಕೂ ಸಿದ್ಧವಾಗಿದೆಯೇ? ಈಗಿನ ಬಾಡಿಗೆದಾರರಿಗೆ ಮಳಿಗೆ ವಾಪಸ್ ಕೊಡುವ ಪಟ್ಟಿ ಬರಹದಲ್ಲಿ ಬಂದಿದೆಯೇ? ಟೆಂಡರ್‌ಗೆ ಹಣ ಎಲ್ಲಿಂದ ಎಂದು ಹೇಳಿದ್ದಾರೆಯೇ? ಇವು ಮೂರೂ ಆಗುವವರೆಗೆ ಯಾರು ಏನೇ ಅಂದರೂ ಅದು ಗಾಳಿಮಾತು.

ನಿಮ್ಮ ಅಂಗಡಿಯ ಮಟ್ಟಿಗೆ, ಅರಸು ರಸ್ತೆಗೆ ತನ್ನದೇ ಗಿರಾಕಿಗಳಿದ್ದಾರೆ: ಬಟ್ಟೆ, ಚಪ್ಪಲಿ, ಮದುವೆ ಖರೀದಿ. ಅಂಥ ವ್ಯಾಪಾರವಾದರೆ ಹಿಡಿಯಿರಿ. ಮಾರುಕಟ್ಟೆಗೆ ಬಂದವರು ಇತ್ತ ಬಂದಾರು ಎಂಬ ಲೆಕ್ಕದ ಮೇಲೆ ಜ್ಯೂಸ್ ಅಂಗಡಿಯನ್ನೋ ಪೂಜಾ ಸಾಮಗ್ರಿಯನ್ನೋ ಇಡುವುದಾದರೆ ಸ್ವಲ್ಪ ತಡೆಯಿರಿ. ಎರಡೂ ಸಂದರ್ಭದಲ್ಲಿ ದೊಡ್ಡ ಮುಂಗಡ ಕೊಟ್ಟು ಐದು ವರ್ಷಕ್ಕೆ ಕಟ್ಟಿಕೊಳ್ಳಬೇಡಿ. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು, ಅದನ್ನು ತಪ್ಪಿಸಬೇಡಿ. ಅದರಲ್ಲಿ ಕಾಮಗಾರಿಯಿಂದ ರಸ್ತೆ ಮುಚ್ಚಿದರೆ ಬಾಡಿಗೆ ಎಷ್ಟು ಇಳಿಯುತ್ತದೆ, ಎಷ್ಟು ದಿನದ ನೋಟಿಸ್ ಕೊಟ್ಟು ನೀವು ಬಿಟ್ಟು ಹೋಗಬಹುದು ಎಂಬುದನ್ನು ಬರೆಸಿ. ಮಾಲೀಕರು ಒಪ್ಪದಿದ್ದರೆ ಬೇರೆ ಮಳಿಗೆ ನೋಡಿ.